ನಿಮ್ಮ ಬಳಿ ಯಾವ...

ಏಡಿಯ ಕಾಲು ಇನ್ನೇನು ಸೋಮನ ಬಾಯಿಗೆ ಹೋಗಬೇಕು, ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಆ ಕಾಲನ್ನು ಮೊದಲು ಚೀಪಿ ಆಮೇಲೆ ಫೋನು ಎತ್ತಿದ್ದರೆ ಅವನ ಮನೆಯಲ್ಲಿ ಇಷ್ಟು ಹೊತ್ತಿಗೆ ತೊಟ್ಟಿಲು ತೂಗುತ್ತಿತ್ತೋ ಏನೋ.

ಸೋಮ ನಿಲ್ಕುಂದದ ಹತ್ತಿರ ಹಿಟ್ಟಿನ ಗಿರಣಿ ಇಟ್ಟುಕೊಂಡವನು. ವಯಸ್ಸು ಮೂವತ್ತೈದು ದಾಟಿತ್ತು. ಅವನು ನೋಡಿ ಬಂದ ಹುಡುಗಿಯರೆಲ್ಲ ಬೇರೆಯವರನ್ನು ಮದುವೆಯಾಗಿ, ಈಗ ಗಂಡಂದಿರ ತಲೆಯ ಮೇಲೆ ಅಕ್ಕಿಯ ಚೀಲ ಹೊರಿಸಿ ಅದೇ ಗಿರಣಿಗೆ ಕಳಿಸುತ್ತಿದ್ದರು. ಮಾಗೋಡಿನ ಕಾವ್ಯಶ್ರೀ ಒಬ್ಬಳು ಅವನನ್ನು ಒಪ್ಪಿದ್ದಳು. ಅವಳ ಅಪ್ಪ ಮನೋಹರನೂ ಒಪ್ಪಿದ್ದ. ಇನ್ನು ಅವಳ ತಾಯಿಯ ತಾಯಿ, ಆ ಅಜ್ಜಿಯೊಬ್ಬಳು ಹುಡುಗನ ಮುಖ ನೋಡುವುದು ಬಾಕಿ. ಅದಕ್ಕೇ ಇವತ್ತು ಸಂಜೆ ಚಾಕ್ಕೆ ಬರಹೇಳಿದ್ದರು.

ಫೋನು ಮಾಡಿದವಳು ಕಾವ್ಯಶ್ರೀಯೇ. ಅವಳು ಶಾಲೆಯಲ್ಲಿ ಕನ್ನಡ ಕಲಿಸುವವಳು. ಕಲಿಸಿ ಕಲಿಸಿ ಮನೆಯ ಬೆಕ್ಕಿನ ಹತ್ತಿರವೂ ಪುಸ್ತಕದ ಕನ್ನಡವನ್ನೇ ಆಡುತ್ತಿದ್ದಳು.

"ನಮಸ್ಕಾರ. ಸಂಜೆ ಬರುವ ಮೊದಲು ಒಂದು ವಿಷಯ ತಿಳಿಯಬೇಕಿತ್ತು" ಅಂದಳು. "ನಿಮ್ಮ ಬಳಿ ಯಾವ..."

ಅಷ್ಟಕ್ಕೆ ಫೋನು ಸತ್ತಿತು. ಸೋಮ ತಿರುಗಿ ಮಾಡಿದ. ಸ್ವಿಚ್ ಆಫ್. ಮತ್ತೆ ಮಾಡಿದ. ಸ್ವಿಚ್ ಆಫ್. ಅವನ ಎದೆ ಗಿರಣಿಯ ಬೆಲ್ಟಿನಂತೆ ಪಟಪಟ ಹೊಡೆದುಕೊಂಡಿತು.

ಸೋಮನ ಜನರಲ್ಲಿ ಬಳಿ ಅಂದರೆ ಕುಲ. ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ, ಅಪ್ಪನದು ಲೆಕ್ಕಕ್ಕಿಲ್ಲ. ಒಂದೊಂದು ಬಳಿಗೆ ಒಂದೊಂದು ಪ್ರಾಣಿ, ಇಲ್ಲವೇ ಒಂದು ಗಿಡ; ಆ ಬಳಿಯವರು ಅದನ್ನು ತಿನ್ನುವ ಹಾಗಿಲ್ಲ. ಒಂದೇ ಬಳಿಯ ಗಂಡು ಹೆಣ್ಣು ಮದುವೆಯಾಗುವ ಹಾಗೂ ಇಲ್ಲ, ಅವರು ಅಣ್ಣತಂಗಿ. ಈಗಿನ ಕಾಲದಲ್ಲಿ ಇದನ್ನೆಲ್ಲ ಕೇಳುವವರು ಕಡಿಮೆ. ಆದರೆ ಇವಳು ಕೇಳಿದಳಲ್ಲ! ಸೋಮನ ತಾಯಿ ಅವನು ತೊಟ್ಟಿಲಲ್ಲಿದ್ದಾಗಲೇ ಹೋದವಳು. ತನ್ನ ಬಳಿ ಯಾವುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಸಂಜೆಯೊಳಗೆ ತಿಳಿಯದಿದ್ದರೆ ಈ ಹುಡುಗಿಯ ಗಂಡನೂ ಅಕ್ಕಿಯ ಚೀಲ ಹೊತ್ತುಕೊಂಡು ಬರುವುದು ಖಂಡಿತ.

ಎದುರಿಗೆ ಅಪ್ಪ ಕೆರಿಯಪ್ಪ ಏಡಿಯನ್ನು ಚೀಪುತ್ತ ಕೂತಿದ್ದ. ಬಾಯಲ್ಲಿ ಒಂದು ಹಲ್ಲೂ ಉಳಿದಿಲ್ಲದಿದ್ದರೂ ಏಡಿ ಕಂಡರೆ ಅವನು ಬಿಟ್ಟವನಲ್ಲ.

"ಅಪ್ಪಾ, ಅವ್ವಂದು ಯಾವ ಬಳಿ?"

ಕೆರಿಯಪ್ಪ ಕೆಮ್ಮಿದ. ನೀರು ಕುಡಿದ. ಮತ್ತೆ ಕೆಮ್ಮಿದ.

"ಏಡಿ ಬಳಿ" ಎಂದ. "ಯಾರಾದ್ರೂ ಕೇಳಿದ್ರೆ ಏಡಿ ಬಳಿ ಅಂತ ಹೇಳು, ಮುಗೀತು."

ಹಾಗೆ ಹೇಳಿ ಮಗನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಏಡಿ ಬಳಿಯವನು ಏಡಿ ತಿನ್ನಬಾರದಲ್ಲ.

ಆಗ ಪಕ್ಕದ ಮನೆಯ ಪಾರ್ವತವ್ವ ಬಂದಳು. ಬನವಾಸಿ ಕಡೆಯಿಂದ ಮದುವೆಯಾಗಿ ಬಂದ ಲಿಂಗಾಯತರ ಹೆಂಗಸು. ಏಡಿಯ ವಾಸನೆಗೆ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ದಿನಕ್ಕೆ ಹತ್ತು ಸಲ ಬಂದು ಹೋಗುತ್ತಿದ್ದಳು. ಇವತ್ತು ಒಂದು ಕೈಯಲ್ಲಿ ಹಲಸಿನ ಹಣ್ಣಿನ ಕಡುಬು, ಇನ್ನೊಂದರಲ್ಲಿ ಕಂಚಿಕಾಯಿ ಉಪ್ಪಿನಕಾಯಿಯ ಬಾಟಲಿ. ಉಪ್ಪಿನಕಾಯಿ ಕಂಡ ಕೂಡಲೇ ಕೆರಿಯಪ್ಪ ಯಾವಾಗಿನಂತೆ ಕೈ ಅಡ್ಡ ಹಿಡಿದು, ಕಂಚಿ ತಿಂದರೆ ತನಗೆ ಹಲ್ಲು ಜುಮ್ಮೆನ್ನುತ್ತದೆ ಎಂದ. ಪಾರ್ವತವ್ವ ಬಾಟಲಿಯನ್ನು ಗೂಡಿನಲ್ಲಿಟ್ಟು ಸೋಮನಿಗೆ ಕಡುಬು ಕೊಟ್ಟಳು. ಅವನು ಒಂದು ತುಂಡು ಮುರಿದು ವಿಷಯ ಹೇಳಿದ.

"ಏಡಿ ಎಲ್ಲೀದೋ ಯಪ್ಪಾ?" ಅಂದಳು ಪಾರ್ವತವ್ವ. "ನಿಮ್ಮವ್ವ ಏಡಿ ತಿನ್ನೂದು ನಾ ಕಣ್ಣಾರೆ ಕಂಡೀನಿ. ಹಲಸಿನ ಹಣ್ಣು ಮಾತ್ರ ಮುಟ್ತಿದ್ದಿಲ್ಲ ನೋಡು. ನಿಂದು ಹಲಸಿನ ಬಳಿ."

ಕೈಯಲ್ಲಿದ್ದ ತುಂಡನ್ನೂ ಬಿಡದೆ ಕಡುಬನ್ನೆಲ್ಲ ವಾಪಸು ತೆಗೆದುಕೊಂಡಳು.

ಸುದ್ದಿ ಗಿರಣಿಯ ಬಾಗಿಲಿಗೆ ಹೋಯಿತು. ಅಕ್ಕಿ ತಂದವರು, ರಾಗಿ ತಂದವರು ಎಲ್ಲ ಸೇರಿ ಸೋಮನ ತಾಯಿಯನ್ನು ನೆನಪು ಮಾಡಿಕೊಂಡರು. ಒಬ್ಬ ಮೊಲದ ಬಳಿ ಎಂದ, ಇನ್ನೊಬ್ಬ ಬಸಳೆ ಎಂದ. ಏನನ್ನೂ ತರದೆ ಸುಮ್ಮನೆ ಬಂದು ಕೂತಿದ್ದ ಮುದುಕನೊಬ್ಬ, ಖಾತ್ರಿಯಾಗುವವರೆಗೆ ಇವು ಯಾವುದನ್ನೂ ಮುಟ್ಟದಿರುವುದೇ ಒಳ್ಳೆಯದು ಎಂದ. ಅದು ಎಲ್ಲರಿಗೂ ಸರಿ ಕಂಡಿತು, ಸೋಮನ ಹೊಟ್ಟೆಯೊಂದನ್ನು ಬಿಟ್ಟು.

ಬೈಕು ಹತ್ತಿ ಶಿರಸಿಗೆ ಬಂದ. ಅಲ್ಲಿ ಅವನ ದೊಡ್ಡಪ್ಪ ಮಾದೇವನ ಚಾದಂಗಡಿ. ಮಾದೇವ ಪ್ರೀತಿಯಿಂದ ಬೆಣ್ಣೆ ಹಚ್ಚಿದ ಬನ್ನು, ಗಟ್ಟಿ ಹಾಲಿನ ಚಾ ತಂದಿಟ್ಟ. ಬಳಿಯ ಮಾತು ಕೇಳಿದ ಕೂಡಲೇ ಅವನ ಮುಖ ಬದಲಾಯಿತು.

"ನಿನ್ನವ್ವ ದಿನಾ ಕೊಟ್ಟಿಗೆಗೆ ಹೋಗಿ ಎಮ್ಮೆಗೆ ಕೈ ಮುಗೀತಿತ್ತು" ಎಂದ. "ಎಮ್ಮೆ ಬಳಿ ಇದ್ರೂ ಇರ್ಬಹುದು ಮಾರಾಯ. ನಂಗ್ಯಾಕೆ ಪಾಪ?"

ಚಾ ಹೋಯಿತು. ಬೆಣ್ಣೆಯ ದೆಸೆಯಿಂದ ಬನ್ನೂ ಹೋಯಿತು. ಒಂದು ಲೋಟ ಬಿಸಿನೀರು ಬಂತು. ಅದನ್ನು ಕುಡಿಯುವಾಗ ಮಾದೇವ ಒಂದು ಉಪಕಾರದ ಮಾತು ಹೇಳಿದ. ಸೋಮನ ತಾಯಿಯ ತಂಗಿ ದ್ಯಾವಮ್ಮ ಚಂದಗುಳಿಯಲ್ಲಿದ್ದಾಳೆ, ಅವಳನ್ನೇ ಕೇಳುವುದು ಒಳ್ಳೆಯದು. ಕೆರಿಯಪ್ಪನಿಗೂ ಅವಳಿಗೂ ಅವನ ಮದುವೆಯ ದಿನದಿಂದ ಮಾತಿಲ್ಲ, ಯಾಕೆಂದು ಯಾರಿಗೂ ಗೊತ್ತಿಲ್ಲ.

ಸೋಮ ಯಲ್ಲಾಪುರ ದಾಟಿ ಚಂದಗುಳಿ ಮುಟ್ಟುವಾಗ ಹಸಿವಿಗೆ ರಸ್ತೆಯ ಮೈಲಿಗಲ್ಲುಗಳೆಲ್ಲ ಇಡ್ಲಿಯ ಹಾಗೆ ಕಾಣುತ್ತಿದ್ದವು. ದ್ಯಾವಮ್ಮ ಅವನನ್ನು ನೋಡಿದವಳೇ ಅಕ್ಕನ ಮೂಗು, ಅಕ್ಕನ ಮೂಗು ಎಂದು ಅತ್ತಳು. ಅತ್ತು ಮುಗಿದ ಮೇಲೆ ಅವನು ಬಂದ ಕಾರಣ ಹೇಳಿದ.

"ನಿಮ್ಮಪ್ಪ ಎಂತ ಅಂದ?"

"ಏಡಿ ಬಳಿ ಅಂದ, ಚಿಕ್ಕಿ."

ದ್ಯಾವಮ್ಮ ಅಳುವುದನ್ನು ಬಿಟ್ಟು ನಗಲಿಕ್ಕೆ ಹತ್ತಿದಳು. "ಮತ್ತೂ ಏಡಿಯೇ? ಅವನು ಸುಧಾರಿಸೂದಿಲ್ಲ ಬಿಡು" ಎಂದು ಕಣ್ಣೊರೆಸಿಕೊಂಡಳು. "ನಮ್ದು ಕಂಚಿ ಬಳಿ, ತಮಾ. ನಿಮ್ಮವ್ವ, ನಾನು, ನಮ್ಮವ್ವ, ಎಲ್ಲಾ ಕಂಚಿ. ಕಂಚಿಕಾಯಿ ಒಂದು ಬಿಟ್ಟು ನೀ ಎಂತ ಬೇಕಾದ್ರೂ ತಿನ್ನು."

ಎಂತ ಬೇಕಾದರೂ ತಿನ್ನಬಹುದಾದ ಹೊತ್ತಿಗೆ ತಿನ್ನಲು ಪುರುಸೊತ್ತಿರಲಿಲ್ಲ. ಬಡಿಸಿದ ಅನ್ನಕ್ಕೆ ಕೈ ಮುಗಿದು ಸೋಮ ಮಾಗೋಡಿಗೆ ಓಡಿದ. ದಾರಿಯುದ್ದಕ್ಕೂ, ಮರೆತುಹೋದೀತೆಂದು, ಕಂಚಿ ಬಳಿ, ಕಂಚಿ ಬಳಿ ಎಂದು ಹೆಲ್ಮೆಟ್ಟಿನ ಒಳಗೇ ಬಾಯಿಪಾಠ ಮಾಡಿದ.

ಕಾವ್ಯಶ್ರೀಯ ಮನೆಯಲ್ಲಿ ಮೇಜಿನ ತುಂಬ ತಿಂಡಿ. ಹಲಸಿನ ಹಪ್ಪಳ, ಕಡುಬು, ಎಮ್ಮೆ ಹಾಲಿನ ಚಾ. ಖುರ್ಚಿಯಲ್ಲಿ ಅಜ್ಜಿ. ಅಜ್ಜಿ ಅವನ ಮುಖ ನೋಡಿದಳು, ನಕ್ಕಳು, ಅಡ್ಡಿಲ್ಲ ಎಂದು ತಲೆಯಾಡಿಸಿದಳು. ಅಲ್ಲಿಗೆ ಎಲ್ಲ ಮುಗಿದ ಹಾಗೆಯೇ. ಆದರೆ ಸೋಮ ಕೂರಲಿಲ್ಲ. ಇನ್‌ಸ್ಪೆಕ್ಟರು ಬಂದಾಗ ಎದ್ದು ನಿಂತ ಶಾಲೆಯ ಹುಡುಗನಂತೆ ಕೈ ಕಟ್ಟಿ ನಿಂತು ಒದರಿದ:

"ನಂದು ಕಂಚಿ ಬಳಿ."

ಮನೋಹರನ ಕೈಯಲ್ಲಿದ್ದ ಹಪ್ಪಳ ಮುರಿಯಿತು. ಅಜ್ಜಿಯ ನಗು ಇದ್ದಲ್ಲೇ ನಿಂತಿತು.

"ಇದನ್ನ ಯಾರು ಕೇಳಿದ್ರು?" ಎಂದಳು ಅಜ್ಜಿ.

ಸೋಮ ಕಾವ್ಯಶ್ರೀಯನ್ನು ತೋರಿಸಿದ. ಬೆಳಿಗ್ಗೆ ಫೋನಿನಲ್ಲಿ ಇವರೇ ಕೇಳಿದ್ದು ಎಂದ.

"ಅಯ್ಯೋ, ನಮ್ಮ ಚಾರ್ಜರಿನ ವಯರನ್ನು ಇಲಿ ಕಡಿದುಹಾಕಿದೆ" ಎಂದಳು ಕಾವ್ಯಶ್ರೀ. "ನಿಮ್ಮ ಬಳಿ ಯಾವ ಚಾರ್ಜರ್ ಇದೆ ಎಂದು ಕೇಳುವಷ್ಟರಲ್ಲಿ ಫೋನು ನಿಂತುಹೋಯಿತು."

ಅಜ್ಜಿ ಹಣೆ ಚಚ್ಚಿಕೊಂಡಳು.

"ಬಳಿ ಕೇಳ್ಬಾರ್ದು ಅಂತ್ಲೇ ನಾ ಬಾಯಿ ಕಟ್ಕಂಡು ಕೂತಿದ್ದೆ, ತಮಾ" ಎಂದಳು. "ಕೇಳ್ದೆ ಇದ್ದಿದ್ರೆ ನಡೀತಿತ್ತು. ಕಿವಿಗೆ ಬಿದ್ದ ಮೇಲೆ ಎಂತ ಮಾಡ್ಲಿ? ನಮ್ದೂ ಕಂಚಿ ಬಳಿ. ಇವ್ಳಿಗೆ ಒಬ್ಬ ಅಣ್ಣ ಇರ್ಲಿಲ್ಲ, ಇವತ್ತು ಸಿಕ್ದ. ಕೂತ್ಕ, ತಿನ್ನು. ತಂಗಿ ಮನೇಲಿ ಸಂಕೋಚ ಬ್ಯಾಡ."

ಸೋಮ ಕೂತು ತಿಂದ. ದುಃಖ ಒಂದು ಕಡೆ, ಹಸಿವು ಒಂದು ಕಡೆ. ಕಡುಬಿನ ಪಾತ್ರೆ ಖಾಲಿಯಾಯಿತು.

"ಸಹೋದರ, ಇನ್ನಷ್ಟು ಬಡಿಸಲೇ?" ಎಂದು ಕಾವ್ಯಶ್ರೀ ಕೇಳಿದಾಗ ಮಾತ್ರ ಅವನು ತಟ್ಟೆ ಸರಿಸಿ ಎದ್ದು, ಬೈಕಿನ ಡಬ್ಬಿಯಲ್ಲಿದ್ದ ತನ್ನ ಚಾರ್ಜರು ತಂದುಕೊಟ್ಟ. ಅದು ಅವಳ ಫೋನಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಅಣ್ಣನದೇ ಅಲ್ಲವೇ ಎಂದು ಅದನ್ನು ಅಲ್ಲೇ ಇಟ್ಟುಕೊಂಡರು.

ಊರಿಗೆ ಬಂದಾಗ ಕೆರಿಯಪ್ಪ ಜಗಲಿಯಲ್ಲಿ ಕೂತು ದಾರಿ ಕಾಯುತ್ತಿದ್ದ. ಸೋಮ ನಡೆದದ್ದನ್ನೆಲ್ಲ ಹೇಳಿದ. ಕಂಚಿ ಬಳಿ ಎಂದ ಕೂಡಲೇ ಅಪ್ಪನಿಗೆ ಬೆಳಗಿನದೇ ಕೆಮ್ಮು ಬಂತು. ಸೋಮ ಗೂಡಿನಲ್ಲಿದ್ದ ಉಪ್ಪಿನಕಾಯಿ ಬಾಟಲಿಯನ್ನು ನೋಡಿದ. ಚಿಕ್ಕಿಯ ನಗು ನೆನಪಾಯಿತು.

"ಅಪ್ಪಾ, ಬಾಯಿ ತೆಗಿ."

ಕೆರಿಯಪ್ಪ ಬಾಯಿ ತೆಗೆದ.

"ಇದ್ರಲ್ಲಿ ಜುಮ್ಮನ್ನೂ ಹಲ್ಲು ಯಾವ್ದು?"

ಕೆರಿಯಪ್ಪ ಬಾಯಿ ಮುಚ್ಚಿದ. ಅಂಗಳದ ಕಡೆ ನೋಡಿದ.

"ನಂದೂ ಕಂಚೀನೇ" ಎಂದ ಕಡೆಗೆ. "ನಿನ್ನವ್ವನ್ನ ನೋಡೂಕೆ ಹೋದಾಗ ಏಡಿ ಬಳಿ ಅಂತ ಹೇಳ್ದೆ. ಅವಳಿಗೆ ಗೊತ್ತಿತ್ತು, ನಕ್ಕು ಸುಮ್ಮನಾದ್ಲು. ದ್ಯಾವಿಗೆ ಗೊತ್ತಾಗಿ ಸಿಟ್ಟು ಬಂತು. ನಿನ್ನವ್ವನ ಅವ್ವ ಬದುಕಿರೂವರೆಗೂ ಅವಳೆದುರು ಒಂದು ಏಡಿ ಬಾಯಿಗೆ ಇಟ್ಟವನಲ್ಲ ನಾನು."

ಆಮೇಲೆ ಮಗನ ಕಡೆ ತಿರುಗಿದ. ಅವನಿಗೂ ಸಿಟ್ಟು ಬಂದಿತ್ತು.

"ಮಾಗೋಡಿನ ಮುದುಕಿದು ಕಂಚಿ ಅಂತ ನಂಗೆ ಮೊದ್ಲೇ ಗೊತ್ತಿತ್ತು ಮಾರಾಯ. ಅದಕ್ಕೇ ಬೆಳಿಗ್ಗೆ ನಿನ್ನ ತಟ್ಟೆ ಕಸ್ಕಂಡು, ಏಡಿ ಬಳಿ ಅಂತ ಹೇಳು ಅಂದೆ. ಅಷ್ಟು ಹೇಳೂಕೆ ನಿಂಗೆ ಎಂತ ಧಾಡಿಯಾಗಿತ್ತು?"