ಪೇಟಿ ಮಾಸ್ತರನ ಪತ್ತೇದಾರಿ

ಸೋಲಾಪುರದಾಗ ನನ್ನ ಕಸಬು ಪೇಟಿ, ಅಂದ್ರ ಹಾರ್ಮೋನಿಯಂ ಬಾರಿಸೂದು. ಮನಿಮನಿಗಿ ಹೋಗಿ ಕಲಸ್ತಿದ್ದೆ, ಯಾರರ ಕರದ್ರ ಭಜನಿಗಿ ಕೂಡ್ತಿದ್ದೆ. ಆದ್ರ ಯಾರದರ ಮನ್ಯಾಗ ಏನರ ಕಳೀತಂದ್ರ ಪೋಲೀಸರಕಿಂತ ಮೊದಲ ನನ್ನ ಕರೀತಿದ್ರು. ತಪ್ಪು ನಂದ. ನನ್ನ ಕಿವಿ ಚೂಪು, ಮನಸು ಸಂಶಯದ್ದು. ಇವೆರಡೂ ಒಂದ ತಲಿಯಾಗ ಕೂಡಿದ್ರ ಇಂಥಾ ಪ್ರಸಂಗ ಮನಿ ಹುಡಿಕ್ಕೊಂಡ ಬರ್ತಾವ.

೧. ತಾಮ್ರದ ಬಿಂದಗಿ

ವಿಜಾಪುರ ರಸ್ತಾದಾಗ ಒಬ್ಬ ಕಾಳಿನ ಸಾವಕಾರ. ಅವನ ಹೆಂಡತಿಗಿ ನಾ ಪೇಟಿ ಕಲಸ್ತಿದ್ದೆ. ಒಂದಿನ ಹೋದ್ರ ಮನ್ಯಾಗ ಗದ್ದಲೋ ಗದ್ದಲ. ಆ ಹೆಂಡತಿ ತವರಿಂದ ತಂದಿದ್ದ ತಾಮ್ರದ ಬಿಂದಗಿ ಮಾಯ! ಅತ್ತಿಗಿ ಸೊಸಿ ಮ್ಯಾಲೆ ಗುಮಾನಿ, ಸೊಸಿಗಿ ಅತ್ತಿ ಮ್ಯಾಲೆ, ಇಬ್ಬರಿಗೂ ಕೂಡಿ ನೀರಿನ ಆಳಿನ ಮ್ಯಾಲೆ.

"ಆ ಬಿಂದಗಿ ಬಡದ್ರ ನನ್ನ ಪೇಟಿಯ ಎರಡನೇ ಕರೀ ಪಟ್ಟಿ ಒತ್ತಿದಂಗ ಸ್ವರಾ ಬರ್ತದ್ರಿ," ಅಂದೆ. "ದಿನಾ ಕೇಳೀನಿ. ಎಲ್ಲಿದ್ರೂ ಗುರ್ತ ಹಿಡೀತೀನಿ."

ಹೆಂಡತಿ ಗಂಡನ್ನೂ ನನ್ನ ಜೋಡಿ ಅಟ್ಟಿದ್ಲು. ಒಂದೊಂದ ಮನಿಗಿ ಹೋಗಿ "ಕುಡಿಯಾಕ ನೀರ ಕೊಡ್ರಿ" ಅನ್ನೂದು. ಸಾವಕಾರ ನೀರ ಕುಡಿಯೂದು, ನಾ ಬಿಂದಗಿ ಬಡಿಯೂದು. ಏಳನೇ ಮನ್ಯಾಗ ಒಬ್ಬಾಕಿ ಮುದುಕಿ, "ಅಂವ ತಂಬಿಗಿಗಟ್ಟಲೆ ಕುಡೀತಾನ, ನೀ ಕೊಡಕ್ಕ ಕಿವಿ ಹಚ್ತಿ. ನಿಮ್ಮಿಬ್ಬರಿಗೂ ಏನ ಬ್ಯಾನಿ ಬಂದದೋ ಯಪ್ಪಾ?" ಅಂದ್ಲು.

ಕಡೀಕ ಸಾವಕಾರನ ತಂಗಿ ಮನಿ. ಬಡದೆ. ಖಣ್ಣ್! ಅದೇ ಸ್ವರಾ. ನಾ ಬಾಯಿ ತಗಿಯೂದ್ರಾಗ ಸಾವಕಾರ ನನ್ನ ಬಾಯಿ ಮುಚ್ಚಿ ಹೊರಗ ಎಳಕೊಂಡ ಬಂದ.

"ತಂಗಿ ಬೇಡಿದ್ಲು. ಹೆಂಡತಿಗಿ ಹೇಳಲಾರದ ನಾನ ಕೊಟ್ಟೀನಿ ಮಾಸ್ತರ. ನಿಮ್ಮ ಕಾಲಿಗಿ ಬೀಳ್ತೀನಿ!"

"ಅಲ್ರಿ, ಮತ್ತ ಮನಿಮನ್ಯಾಗ ಅಷ್ಟ ನೀರ ಯಾಕ ಕುಡದ್ರಿ?"

"ಈ ಮನಿ ಹತ್ರ ಬಂದಂಗ ಬಂದಂಗ ಗಂಟಲ ಒಣಗಾಕತ್ತಿತ್ತು!"

೨. ಟಗರಿನ ಗಂಟಿ

ಕರಜಗಿಯ ಒಬ್ಬ ಕುರಿಯಂವ ಹೇಳಿ ಕಳಿಸಿದ್ದ: ಅವನ ಮುಂದಾಳ ಟಗರಿನ ಗಂಟಿ ಬಾಜೂಮನಿಯಂವ ಕದ್ದಾನಂತ. ಇಬ್ಬರೂ ಕುರಿಯವರ ದೇವರು ಬೀರೋಬಾನ ಭಂಡಾರದ ಅರಿಷಿಣ ಮುಟ್ಟಿ ಆಣಿ ಮಾಡಿದ್ರು, ಆದ್ರೂ ಜಗಳಾ ಬಗಿಹರಿದಿದ್ದಿಲ್ಲ.

ಪೇಟಿ ಬಗಲಾಗ ಹಿಡಕೊಂಡು ಲಾಲ್ ಮೋಟಾರ ಬಸ್ಸಿನಿಂದ ಇಳದೆ. ಆಗ ಕನ್ನಡ-ಮರಾಠಿ ಗಡೀ ಗದ್ದಲದ ದಿನಾ. ಊರು ಯಾವ ರಾಜ್ಯಕ್ಕ ಹೋಗ್ತದೋ ಯಾರಿಗೂ ಗೊತ್ತಿಲ್ಲ. ಹೊಸಾ ಮನಷ್ಯಾನ್ನ ಕಂಡ್ರ ಜನಕ್ಕ ಹೆದರಿಕಿ. ನಾ ಕನ್ನಡದಾಗ ಕೇಳಿದ್ರ ಮರಾಠಿಯಾಗ ಉತ್ತರಾ ಕೊಟ್ರು, ಮರಾಠಿಯಾಗ ಕೇಳಿದ್ರ ಕನ್ನಡದಾಗ. ಇಡೀ ಊರ ಏನೋ ಮುಚ್ಚಿಡಾಕತ್ತದ ಅಂತ ನನಗೂ ಗುಮಾನಿ ಜೋರಾತು.

ಗಂಟಿ ಮಾತ್ರ ಲಗೂನ ಸಿಕ್ತು. ಟಗರಿನ ಕೊಳ್ಳಾಗ ಇತ್ತು! ಒಳಗ ಕೆಸರ ಮೆತ್ತಿ ದನಿ ನಿಂತಿತ್ತು, ಮ್ಯಾಲೆ ತುಪ್ಪಳ ಬೆಳದು ಮುಚ್ಚಿತ್ತು. ನಾ ಕಡ್ಡೀಲೆ ಕೆಸರ ತಗದು ಬಡದು ತೋರಿಸಿದೆ. ಇಬ್ಬರೂ ನಾಚಿ ಒಬ್ಬರಿಗೊಬ್ಬರು ತಂಬಾಕ ಕೊಟ್ಟರು.

ನಾ ಹೊಂಡೂ ಮುಂದ ಒಬ್ಬ ಹಿರಿಯಾ ಹತ್ರ ಬಂದು ಸಣ್ಣ ದನೀಲೆ ಕೇಳಿದ: "ಸಾಹೇಬ, ನಮ್ಮನ್ನ ಯಾವ ಭಾಷಾ ಅಂತ ಬರಕೊಂಡ್ರಿ?"

"ನಾ ಸರಕಾರದಂವ ಅಲ್ಲೋ ಅಜ್ಜಾ, ಪೇಟಿ ಬಾರಿಸಾಂವ."

ಅಂವ ನಂಬಲಿಲ್ಲ. "ಇರಲಿ. ನಮ್ಮದೇನರ ಬರಕೋರಿ, ಕುರೀದು ಮಾತ್ರ ಸರಿ ಬರೀರಿ. ಅಡವ್ಯಾಗ ಕನ್ನಡ, ಬಜಾರದಾಗ ಮರಾಠಿ!"

೩. ನನ್ನ ಪೇಟಿ

ಊರವರ ಕಳವು ಹಿಡಿಯೂ ನನ್ನ ಪೇಟಿನೇ ಕಳವಾತು. ಅಕ್ಕಲಕೋಟದಾಗ ಪ್ರತಿ ಗುರುವಾರ ನನ್ನ ಭಜನಿ. ಹೋಟೆಲಿನ ಕಟ್ಟಿ ಮ್ಯಾಲೆ ಪೇಟಿ ಇಟ್ಟು ಒಳಗ ಹೋಗಿ ಚಾ ಕುಡದು ಬಂದೆ. ಕಟ್ಟಿ ಖಾಲಿ!

ಪೇಟಿ ಇಲ್ಲದ ಪೇಟಿ ಮಾಸ್ತರ ಅಂದ್ರ ಎತ್ತಿಲ್ಲದ ಒಕ್ಕಲಿಗ. ಕಲಸೂ ಮನಿ ಒಂದೊಂದ ಕೈ ತಪ್ಪಿದ್ವು, ಭಜನ್ಯಾಗ ಬರೇ ಚಪ್ಪಾಳಿ ತಟ್ಟಕೋತ ಕೂತೆ. ಹೋಟೆಲಿನಂವ, ಕಂಡಕ್ಟರ, ಕಡೀಕ ನನ್ನ ಜೋಡಿ ತಬಲಾ ಬಾರಿಸೂ ಗೆಳ್ಯಾ, ಯಾರನ್ನೂ ಬಿಡಲಾರದ ಸಂಶಯ ಪಟ್ಟೆ. ಗೆಳ್ಯಾ ಮಾತು ಬಿಟ್ಟ.

ಮೂರ ವಾರದ ಮ್ಯಾಲೆ ಅದೇ ಊರಿನ ಒಂದ ಸಂದ್ಯಾಗ ಹೊಂಟಿದ್ದೆ. ಒಂದ ಮನಿಯೊಳಗಿಂದ ಪೇಟಿ ಉಸರ ಎಳಿಯೂ ಸಪ್ಪಳಾ. ನನ್ನ ಪೇಟಿದೇ! ಒಳಗ ನುಗ್ಗಿ, ಬಾರಿಸಾಂವನ್ನೂ ಪೇಟಿನ್ನೂ ಕೂಡಿ ಪೋಲೀಸ ಚೌಕಿಗಿ ಎಳದೊಯ್ದೆ.

"ನಮ್ಮಪ್ಪನ ಕಾಲದ್ದು, ಸಾಹೇಬ," ಅಂದ ಅಂವ.

ಫೌಜದಾರ ನನ್ನ ಕೇಳಿದ: "ನಿಂದ ಅನ್ನಾಕ ಗುರ್ತ ಏನು?"

"ಪಂಚಮದ ಪಟ್ಟಿ ಒತ್ರಿ ಸಾಹೇಬ, ಬೆಕ್ಕಿನ ಬಾಲಾ ತುಳದಂಗ ಒದರ್ತದ."

ಫೌಜದಾರ ಒತ್ತಿದ. ಸಕ್ಕರಿಯಂಥಾ ಸ್ವರಾ! ಕಳ್ಳ ರಿಪೇರಿ ಮಾಡಿಸಿದ್ದ. ಹತ್ತ ವರ್ಷದಿಂದ ನನ್ನ ಹೆಂಡತಿ ಬೆನ್ನ ಹತ್ತಿದ್ರೂ ನಾ ಮಾಡಿಸಲಾರದ್ದು ಅಂವ ಮೂರ ವಾರದಾಗ ಮಾಡಿಸ್ಯಾನ. ನನ್ನ ಗುರ್ತ ಸುಳ್ಳಾತು.

"ಇಬ್ಬರೂ ಒಂದೊಂದ ಪದಾ ಬಾರಿಸ್ರಿ," ಅಂದ ಫೌಜದಾರ.

ಅಂವ ಬಾರಿಸಿದ, ಚಲೋನ ಬಾರಿಸಿದ. ನನ್ನ ಪಾಳಿ ಬಂತು. ಪೇಟಿ ಮುಟ್ಟಿದ ಕೂಡಲೆ ಕಣ್ಣಾಗ ನೀರ ಬಂತು, ಕಣ್ಣ ಮುಚ್ಚಿ ಬಾರಿಸಿದೆ. ಪದಾ ಮುಗಿಯೂದ್ರಾಗ ಫೌಜದಾರ ಮೇಜು ಗುದ್ದಿದ.

"ಆ ಪಂಚಮದ ಪಟ್ಟಿ ಒಮ್ಮೆನೂ ಮುಟ್ಟಲಿಲ್ಲ ನೀ! ಈಗ ಚಲೋ ಅದ, ಯಾಕ ಮುಟ್ಟಲಿಲ್ಲ?"

"ರೂಢಿ ಸಾಹೇಬ. ಹತ್ತ ವರ್ಷಾತು, ಕೈಬಟ್ಟು ತನ್ನಷ್ಟಕ್ಕ ತಾನ ದಾಟಿ ಹೋಗ್ತದ."

"ಪೇಟಿ ಇವಂದ!" ಅಂದ ಫೌಜದಾರ. ಇನ್ನೊಬ್ಬ ಅಲ್ಲೇ ಕುಸದು ಕೂತು ತಪ್ಪು ಒಪ್ಪಿಕೊಂಡ.

ನಾ ಪೇಟಿ ಎದಿಗಿ ಅವಚಿಕೊಂಡು ಬಾಗಿಲ ತನಕಾ ಹೋಗಿದ್ದೆ. ಫೌಜದಾರ ಕರದ.

"ಮಾಸ್ತರ, ನಾ ಈ ಊರಿಗಿ ಬದಲಿ ಆಗಿ ಬಂದಾಗಿಂದ ಪ್ರತಿ ಗುರುವಾರ ಜನದ ಹಿಂದ ಕೂತು ನಿನ್ನ ಭಜನಿ ಕೇಳೀನಿ. ಪ್ರತಿ ಪದದಾಗೂ ಪಂಚಮ ಕಳವ ಆಗಾಕತ್ತಿತ್ತು. ಯಾರ ಮ್ಯಾಲೆ ಗುಮಾನಿ ಪಡಬೇಕೋ ತಿಳೀತಿದ್ದಿಲ್ಲ. ಇವತ್ತ ಆ ಕಳ್ಳನೂ ಸಿಕ್ಕ!"