ಅಕ್ಕನ ಹುರಿಹಿಟ್ಟು, ನನ್ನ ಮೊದಲನೇ ಸ್ಥಾನ

ಅಕ್ಕನ ವೆಬ್‌ಸೈಟಿನಲ್ಲಿ ಒಂದು ಫೋನ್ ನಂಬರು ಬದಲಾಯಿಸಬೇಕಿತ್ತು. ನಾನು ಬದಲಾಯಿಸಲಿಲ್ಲ. ಬರೀ ಹತ್ತು ಅಂಕಿಯ ಕೆಲಸ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೂ ಹತ್ತರವರೆಗೆ ಎಣಿಸಲು ಬರುತ್ತದೆ, ಹಾಗಾಗಿ ತಪ್ಪನ್ನು ಓದಿನ ಮೇಲೆ ಹಾಕುವಂತೆಯೂ ಇಲ್ಲ. ದೊಡ್ಡ ಕೆಲಸ ಕೆಡಿಸಿದವರಿಗೆ ಹೇಳಿಕೊಳ್ಳಲು ಏನಾದರೂ ಕಾರಣ ಸಿಗುತ್ತದೆ. ಸಣ್ಣದನ್ನು ಬಿಟ್ಟವನಿಗೆ ಅದೂ ಸಿಗುವುದಿಲ್ಲ.

ರಾವಂದೂರಿನ ನಮ್ಮಕ್ಕ ರಾಗಿಯನ್ನು ಬಿಸಿ ಮರಳಿನಲ್ಲಿ ಹುರಿದು ಅರಳಿಸಿ, ಬೀಸಿ, ಹುರಿಹಿಟ್ಟು ಮಾಡಿ ಮಾರುತ್ತಾಳೆ. ಬೆಲ್ಲ ತುಪ್ಪ ಹಾಕಿ ಕಲಸಿದರೆ ಪಕ್ಕದ ಬೀದಿಯವರು ಸಕ್ಕರೆ ಕೇಳುವ ನೆಪದಲ್ಲಿ ಬರುತ್ತಾರೆ. ವರ್ಷಗಳ ಹಿಂದೆ ನಾನೇ ಅವಳಿಗೊಂದು ವೆಬ್‌ಸೈಟ್ ಮಾಡಿಸಿದೆ. "ಗಿರಾಕಿಗಳತ್ರ ಮಾತಾಡಕ್ಕೆ ನಿಂಗೆ ಬರಲ್ಲ ಬುಡಕ್ಕ" ಎಂದು ಅದಕ್ಕೆ ನನ್ನ ನಂಬರನ್ನೇ ಹಾಕಿಸಿದೆ. "ನೀನು ಮುಟ್ಟಬ್ಯಾಡ, ಕೆಟ್ಟೋಯ್ತದೆ" ಎಂದು ಹೆದರಿಸಿಯೂ ಇಟ್ಟೆ. ಆಮೇಲೆ ಯಾವುದೋ ಅಗ್ಗದ ರೀಚಾರ್ಜಿನ ಆಸೆಗೆ ಸಿಮ್ ಬದಲಾಯಿಸಿದೆ, ಹಳೇ ನಂಬರು ಹೋಯಿತು. ವೆಬ್‌ಸೈಟಿನ ಹೆಸರನ್ನು ವರ್ಷಾವರ್ಷ ದುಡ್ಡು ಕಟ್ಟಿ ನವೀಕರಿಸುತ್ತಿದ್ದೆನೇ ಹೊರತು ಒಳಗೆ ಇಣುಕಿ ನೋಡಲಿಲ್ಲ.

ಈ ಸಲ ಅಕ್ಕನೇ ಕೇಳಿದಳು. "ಲೋ, ಆ ವೆಬ್‌ಸೈಟಿಗೆ ಇನ್ನೂ ಜೀವ ಐತೇನ್ಲಾ?" ಹುಣಸೂರಿನ ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿಯ ಮೇಡಂ ನೋಡಿ, "ಹೆಸರು ಹಳೇದಾದ್ರೆ ಒಳ್ಳೇದೇ ಅಣ್ಣ. ಆದ್ರೆ ಬರೀ ವಯಸ್ಸಾದ್ರೆ ಜನ ಹುಡುಕಿದಾಗ ಮೇಲೆ ಬರಲ್ಲ. ಹೊಸ ಫೋಟೋ ಹಾಕ್ಸಿ, ನಿಮ್ಮಕ್ಕ ಹೆಂಗೆ ಹುರೀತಾರೆ ಅಂತ ಅವರ ಮಾತಲ್ಲೇ ಬರೆಸಿ. ಮೊದ್ಲು ಈ ನಂಬರ್ ಸರಿಯಾಗೈತಾ?" ಎಂದರು. ನಂಬರು ಸತ್ತದ್ದು ಆಗ ನೆನಪಾಯಿತು. ನಾಚಿಕೆಯಾಗಿ "ಸರಿಯಾಗೈತೆ" ಎಂದೆ. ಯಾರಿಗೂ ಕಾಣದ ಜಾಗದಲ್ಲಿರುವ ವೆಬ್‌ಸೈಟಿಗೆ ಯಾರು ಫೋನು ಮಾಡುತ್ತಾರೆ? ಮೊದಲು ಮೇಲೆ ಬರಲಿ, ನಂಬರು ಆಮೇಲೆ ನೋಡೋಣ ಎಂಬುದು ನನ್ನ ಲೆಕ್ಕ.

ಮೇಲೆ ತರಲು ನನಗೆ ತಿಳಿದಿದ್ದ ದಾರಿ ಓಟಿನದು: ಎಷ್ಟು ಜನ ಒತ್ತಿದರೆ ಅಷ್ಟು ಮೇಲೆ. ಪಿರಿಯಾಪಟ್ಟಣದಲ್ಲಿ ನೆಂಟರ ಮನೆಯ ಬೀಗರೂಟವಿತ್ತು. ಎಲೆ ಮುಂದೆ ಕೂತವರಿಗೆಲ್ಲ ವೆಬ್‌ಸೈಟಿನ ಪೂರಾ ಹೆಸರು ಬರೆದ ಚೀಟಿ ಹಂಚಿ, ಫೋನಿನಲ್ಲಿ ಹುಡುಕಿ ಒತ್ತಿ ಎಂದೆ. "ಮುದ್ದೆ ಮುರಿಯೋ ಹೊತ್ನಲ್ಲಿ ಇದೇನ್ ಭಾವ ನಿಂದು?" ಎಂದ ಒಬ್ಬ. "ಒತ್ಬುಟ್ಟು ಮುರಿಯೋ" ಎಂದೆ. ಒಬ್ಬರ ಫೋನು ಸಾರಿಗೆ ಬಿತ್ತು. ಪೂರಾ ಹೆಸರು ಹಾಕಿದರೆ ಅದೇ ತಾನೇ ಮೊದಲು ಬರಬೇಕು? ಬಂತು. ನಾನಂತೂ ದಿನಕ್ಕೆ ಮೂವತ್ತು ಸಲ ಒತ್ತುತ್ತಿದ್ದೆ. ಕೊನೆಗೆ ನನ್ನ ಫೋನು ನನ್ನ ಚಟ ಕಲಿತು, ಬರೀ 'ಹುರಿಹಿಟ್ಟು' ಎಂದರೂ ನಮ್ಮದನ್ನೇ ಮೊದಲು ತೋರಿಸತೊಡಗಿತು. "ನೋಡಕ್ಕ, ಮೊದಲ್ನೇದು!" ಎಂದು ಅಕ್ಕನ ಮುಂದೆ ಫೋನು ಹಿಡಿದೆ. ಅವಳು ನಂಬಿ ಎರಡು ಮೂಟೆ ರಾಗಿ ಹುರಿದಳು.

ಹುರಿಹಿಟ್ಟಿನ ಘಮ ಬಹಳ ದಿನ ಕಾಯುವುದಿಲ್ಲ. "ಯಾರಾದ್ರೂ ಫೋನ್ ಮಾಡಿದ್ರೇನ್ಲಾ?" ಎಂದು ಅವಳು ದಿನವೂ ಕೇಳುವಳು. "ಮಾಡ್ತಾರೆ ಇರಕ್ಕ" ಎಂದು ನಾನು ದಿನವೂ ಹೇಳುವೆ.

ಕಳೆದ ಭಾನುವಾರ ಅಕ್ಕ ತನ್ನ ಫೋನಿಗೆ ಬಾಯಲ್ಲೇ "ರಾಗಿ ಹುರಿಹಿಟ್ಟು" ಎಂದಳು. ಯಾರ್ಯಾರದೋ ಬಂತು, ನಮ್ಮದಿಲ್ಲ. ಬಿಳಿಕೆರೆ ಬಿಟ್ಟ ಬಸ್ಸು ಹುಣಸೂರು ಮುಟ್ಟುವಷ್ಟು ಹೊತ್ತು ಬೆರಳಾಡಿಸಿದ ಮೇಲೆ ಸಿಕ್ಕಿತು. ಹಳೇ ಫೋಟೋ ನೋಡಿ "ಎಷ್ಟು ಸಣ್ಣಕಿದ್ದೆ ನೋಡ್ಲಾ" ಎಂದು ನಕ್ಕಳು. ನಗುತ್ತಲೇ ಕೆಳಗಿದ್ದ ನಂಬರು ಒತ್ತಿದಳು. ನನ್ನ ಜೇಬು ಸುಮ್ಮನಿತ್ತು. ಅವಳು 'ಹುರಿಹಿಟ್ಟು' ಎನ್ನುತ್ತಿದ್ದಂತೆ ಫೋನಿನಿಂದ ಯಾರೋ ಗಂಡಸಿನ ಗಟ್ಟಿ ದನಿ ಕೇಳಿತು.

"ಹುರಿಹಿಟ್ಟಾ? ಇದಲ್ಲ ಕಣವ್ವ, ನಾನು ಕೆ.ಆರ್. ನಗರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡೋನು. ನೀವೊಬ್ರೇ ಅಲ್ಲ, ಜನ ಕೇಳ್ತಾನೇ ಅವ್ರೆ. ಆಯಮ್ಮ ಮಾಡೋದು ಬುಟ್ಬುಟ್ಟವ್ರೆ ಅಂತ ನಾನೇ ಹೇಳಿ ಕಳಿಸ್ತೀನಿ. ಇನ್ನೇನ್ ಹೇಳ್ಲಿ?"

ಅಂದರೆ ವೆಬ್‌ಸೈಟು ಆ ಮೂಲೆಯಲ್ಲಿದ್ದಾಗಲೂ ಜನ ಹುಡುಕಿಕೊಂಡು ಬಂದಿದ್ದರು.

ಅಕ್ಕ ಯಾರ ನಂಬರೆಂದು ಕೇಳಲಿಲ್ಲ. ಗೋಡೆಗೆ ಒರಗಿಸಿದ್ದ ಹಿಟ್ಟಿನ ಡಬ್ಬಗಳನ್ನು ನೋಡಿದಳು, ಆಮೇಲೆ ನನ್ನನ್ನು. ನನ್ನ ಫೋನಿನಲ್ಲಿ ನಾವು ಈಗಲೂ ಮೊದಲನೇ ಸ್ಥಾನದಲ್ಲಿದ್ದೆವು. ಅದನ್ನು ತೆಗೆದು ತೋರಿಸಲು ಕೈ ಬರಲಿಲ್ಲ.

"ತಪ್ಪಾಯ್ತು ಕಣಕ್ಕ" ಎಂದೆ. "ಅದು ನನ್ನ ಹಳೇ ನಂಬರು. ಮಾಡೋದು ಬುಟ್ಟಿದ್ದು ನೀನಲ್ಲ, ನಾನು."