ಹೆಸರು ತೋರಿಸುವ ವಾಕಿಟಾಕಿಯವರಿಗೆ ಒಂದು ಬಿನ್ನಹ

ಗರುಡಾಚಾರ್‌ಪಾಳ್ಯದ ನಮ್ಮ ಅಪಾರ್ಟ್‌ಮೆಂಟಿನ ಎಲ್ಲ ವಾಕಿಟಾಕಿಗಳ ಪರದೆಗಳ ಮೇಲೆ ಏಕಕಾಲಕ್ಕೆ ನೆಲೆಸಿ, ಗುಂಡಿ ಒತ್ತಿದವರು ಯಾರೆಂಬುದನ್ನು ಅವರು ಬಾಯಿ ತೆರೆಯುವ ಮೊದಲೇ ಲೋಕಕ್ಕೆ ಸಾರುತ್ತಿರುವ ಮಾನ್ಯ ಡಿಜಿಟಲ್ ಹೆಸರುಸೂಚಕರೇ,

ಬ್ಯಾಟರಿ ತುಂಬಿ, ಆಂಟೆನಾ ನೆಟ್ಟಗಿದ್ದು, ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾನೂ ಕ್ಷೇಮವೆಂದು ಬರೆಯಲು ಕೈ ಬರುತ್ತಿಲ್ಲ.

ತಮ್ಮನ್ನು ಇಲ್ಲಿಗೆ ಕರೆಸಿದವನೇ ನಾನು. ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಜೀವಮಾನವಿಡೀ ಇತರರ ತಪ್ಪು ಹುಡುಕಿ ನಿವೃತ್ತನಾದ ಮೇಲೆ, ಆ ಅನುಭವ ಮಣ್ಣುಪಾಲಾಗಬಾರದೆಂದೂ ಬೇರೆ ಯಾರೂ ಮುಂದೆ ಬರಲಿಲ್ಲವೆಂದೂ ಸಂಘದ ಸುರಕ್ಷತಾ ಉಪಸಮಿತಿಯ ಸಂಚಾಲಕನಾದೆ. ಅದರ ಜೊತೆಗೆ ಒಂದು ವಾಕಿಟಾಕಿಯೂ ಬಂತು. ಆಗಿನ ಹಳೆಯ ಸೆಟ್ಟುಗಳಲ್ಲಿ ಕರಕರ ಸದ್ದಿನ ನಡುವೆ ಮಾತು ಕೇಳಿಸುತ್ತಿತ್ತೇ ಹೊರತು ಆಡಿದವರು ಯಾರೆಂದು ಖಚಿತವಾಗುತ್ತಿರಲಿಲ್ಲ. ಇದನ್ನೇ ಬಳಸಿಕೊಂಡು, ನಾನು ಸೂಚನೆ ಕೊಟ್ಟು ಮುಗಿಸಿದ ಕೂಡಲೇ ಯಾರೋ ಒಬ್ಬ ಮಹಾಶಯ ಗುಂಡಿ ಒತ್ತಿ, ಉದ್ದಕ್ಕೆ ಆಕಳಿಸಿ, ಗುಂಡಿ ಬಿಡುತ್ತಿದ್ದ. ಆ ಆಕಳಿಕೆ ಯಾರದೆಂದು ಪತ್ತೆ ಹಚ್ಚಲೇಬೇಕೆಂದು ನಾನು ಸರ್ವಸದಸ್ಯರ ಸಭೆಯಲ್ಲಿ ಹಟ ಹಿಡಿದೆ.

ಹಾಗಾಗಿ ಶಿವಾಜಿನಗರದಿಂದ ಓವೈಸ್ ಎಂಬ ತಂತ್ರಜ್ಞರು ಹೊಸ ಸೆಟ್ಟುಗಳೊಂದಿಗೆ ಬಂದು, ಒಂದೊಂದನ್ನೂ ವೈರಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, "ಪ್ರತಿ ಸೆಟ್‌ಗೂ ಒಂದು ನಂಬರ್ ಕೊಡ್ತೀನಿ ಸಾರ್, ನಂಬರ್ ಮುಂದೆ ಹೆಸ್ರು ಹಾಕ್ತೀನಿ. ನೀವು ಬಟನ್ ಒತ್ತಿದ್ರೆ ಸಾಕು, ಎಲ್ಲಾರ ಸೆಟ್ಟಲ್ಲೂ ನಿಮ್ ಹೆಸ್ರೇ ಬರುತ್ತೆ" ಎಂದರು. ನನ್ನ ಹೆಸರಿನ ಜೊತೆ ಹುದ್ದೆಯೂ ಬರಲೆಂದು ನಾನು ಕೇಳಿಕೊಂಡೆ. ಅಷ್ಟು ಅಕ್ಷರಗಳಿಗೆ ಪರದೆಯಲ್ಲಿ ಜಾಗವಿಲ್ಲವೆಂದು ಅವರು ವಿಷಾದ ಸೂಚಿಸಿದರು.

ತಾವು ಬಂದ ದಿನದಿಂದ ಆಕಳಿಕೆ ನಿಂತಿತು, ಅದಕ್ಕಾಗಿ ತಮಗೆ ಅಭಿನಂದನೆಗಳು. ಜೊತೆಗೆ ನನಗೆ ಬರುತ್ತಿದ್ದ ಉತ್ತರವೂ ನಿಂತಿತು. ಮೊದಲು ನಾನು ಗುಂಡಿ ಒತ್ತಿದರೆ, ಮಾತಾಡುತ್ತಿರುವುದು ಸಂಘದ ಅಧ್ಯಕ್ಷೆ ಉಮಾಶ್ರೀ ಅವರೇ ಕಳಿಸಿದ ಯಾರಾದರೂ ಆಗಿದ್ದರೇನು ಗತಿ ಎಂಬ ಭಯಕ್ಕಾದರೂ ಮೂರು ಗೇಟುಗಳಿಂದಲೂ "ಹೇಳಿ ಸಾರ್" ಎಂಬ ದನಿ ಬರುತ್ತಿತ್ತು. ಈಗ ಆ ಅನುಮಾನಕ್ಕೆ ತಾವು ಅವಕಾಶವನ್ನೇ ಉಳಿಸಿಲ್ಲ. ಹಗಲಲ್ಲಿ ಉರಿಯುತ್ತಿರುವ ದೀಪ, ಹಳದಿ ಗೆರೆಯನ್ನು ಗೇಣುದ್ದ ದಾಟಿ ನಿಂತ ಸ್ಕೂಟರು, ಗಿಡಕ್ಕೆ ಬಿಟ್ಟ ಪೈಪಿನಿಂದ ರಸ್ತೆಗೆ ಹರಿಯುತ್ತಿರುವ ನೀರು, ಇಂಥ ತುರ್ತು ವಿಷಯಗಳನ್ನು ನಾನು ಹೇಳುತ್ತಲೇ ಇದ್ದೇನೆ, ಕೇಳುವವರಿಲ್ಲ.

ಸೆಟ್ಟು ಕೆಟ್ಟಿರಬಹುದೆಂದು ನಾನು ತಪಾಸಣೆಯನ್ನೂ ನಡೆಸಿದೆ. ಮುಖ್ಯ ಗೇಟಿನ ಬಳಿ ಕ್ರೋಟನ್ ಕುಂಡಗಳ ಹಿಂದೆ ಬಗ್ಗಿ ನಿಂತು ಗುಂಡಿ ಒತ್ತಿದೆ. ಕಾವಲುಗಾರ ದತ್ತು ಚಹಾದ ಲೋಟ ಕೆಳಗಿಟ್ಟು, ಸೆಟ್ಟನ್ನು ಕೈಗೆತ್ತಿಕೊಂಡು, ತಮ್ಮ ಮುಖವನ್ನು ಶ್ರದ್ಧೆಯಿಂದ ಓದಿ, ನಿದ್ದೆ ಹೋದ ಮಗುವನ್ನು ತೊಟ್ಟಿಲಲ್ಲಿ ಮಲಗಿಸುವಷ್ಟು ಮೆಲ್ಲಗೆ ಅದನ್ನು ಮೇಜಿನ ಮೇಲಿಟ್ಟು ಚಹಾ ಮುಂದುವರಿಸಿದ. ಸ್ವಲ್ಪ ಹೊತ್ತಿಗೆ ಅದೇ ಸೆಟ್ಟಿನಲ್ಲಿ ಉಮಾಶ್ರೀ ಅವರ ಹೆಸರು ಬಂದಾಗ ಅವನು ಎದ್ದು ನಿಂತು ಟೋಪಿ ಸರಿಮಾಡಿಕೊಂಡ. ಅವರಿಗೆ ಅವನು ಕಾಣುತ್ತಿರಲಿಲ್ಲ. ತಮ್ಮ ಕಾರ್ಯಕ್ಷಮತೆಯ ಬಗ್ಗೆ ನನಗೆ ಇನ್ನು ಯಾವ ಸಂಶಯವೂ ಇಲ್ಲ. ಮನೆಗೆ ಬಂದು ಪತ್ನಿ ರಮಾಮಣಿಗೆ ಇದನ್ನೆಲ್ಲ ವಿವರಿಸಿದಾಗ ಅವಳು, "ಅವ್ರಿಗಾದ್ರೂ ಹೆಸ್ರು ನೋಡಿ ಸುಮ್ನಿರೋ ಸೌಕರ್ಯ ಇದೆ" ಎಂದಳು.

ಇದಿಷ್ಟೇ ಆಗಿದ್ದರೆ ಪತ್ರ ಬರೆದು ತಮ್ಮ ಸಮಯ ಹಾಳು ಮಾಡುತ್ತಿರಲಿಲ್ಲ. ಕಳೆದ ಶುಕ್ರವಾರ ಮಧ್ಯಾಹ್ನ, ಮೊಸರಿನ ಪ್ಯಾಕೆಟ್ ಹಿಡಿದು ಬಿ ಬ್ಲಾಕಿನ ಲಿಫ್ಟು ಹತ್ತಿದೆ. ಅದು ಮೂರನೆಯ ಮತ್ತು ನಾಲ್ಕನೆಯ ಮಹಡಿಗಳ ನಡುವೆ ನಿಂತು, ದೀಪ ಆರಿ, ಫ್ಯಾನು ಸುಮ್ಮನಾಯಿತು. ಮೊಬೈಲು ಮನೆಯಲ್ಲಿ ಚಾರ್ಜಿಗಿತ್ತು. ಲಿಫ್ಟಿನ ಗಂಟೆಯನ್ನು ಮಕ್ಕಳು ದಿನವೂ ಆಟಕ್ಕೆ ಒತ್ತುವುದರಿಂದ ಅದಕ್ಕೆ ಯಾರೂ ಕಿವಿಗೊಡುವುದಿಲ್ಲ. ಸೊಂಟದಲ್ಲಿದ್ದದ್ದು ತಾವೊಬ್ಬರೇ. ಮೊದಲು ಸಂಚಾಲಕನ ಗತ್ತಿನಲ್ಲಿ ಕರೆದೆ, ಆಮೇಲೆ ನಿವಾಸಿಯಾಗಿ ಕರೆದೆ, ಕೊನೆಗೆ ಉಸಿರು ಕಟ್ಟಿದ ಮುದುಕನಾಗಿ ಕರೆದೆ. ಪ್ರತಿ ಸಲವೂ ತಾವು ನನ್ನ ಹೆಸರನ್ನು ಸ್ಪಷ್ಟವಾಗಿ, ಒಂದಕ್ಷರವೂ ತಪ್ಪದೆ, ಎಲ್ಲರಿಗೂ ತಲುಪಿಸಿದಿರಿ. ನನಗೆ ಭಯವಾಯಿತು ಮಾನ್ಯರೇ.

ಆಗ ಒಂದು ಉತ್ತರ ಬಂತು. "ಅಂಜಬ್ಯಾಡ್ರಿ. ಯಾವ ಲಿಫ್ಟ್ ಹೇಳ್ರಿ, ಬಂದೆ."

ಅದು ಸ್ವಚ್ಛತಾ ಸಿಬ್ಬಂದಿಯ ಮೇಲ್ವಿಚಾರಕಿ ಅಮೃತಮ್ಮನ ದನಿ. ಆಕೆ ಕಲಬುರಗಿ ಕಡೆಯವರು, ಪಕ್ಕದ ಗಲ್ಲಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದಾರೆ. ಆಕೆಯ ಸೆಟ್ಟು ಫಿನಾಯಿಲ್ ಬಕೆಟ್ಟಿಗೆ ಬಿದ್ದಾಗಿನಿಂದ ಮಾತು ಕೇಳಿಸುತ್ತದೆ, ಪರದೆ ಮಾತ್ರ ಕಪ್ಪಗಿದೆ. ಅಂದರೆ ತಾವು ಅಲ್ಲಿ ಕಣ್ಣುಮುಚ್ಚಿದ್ದೀರಿ. ಆಕೆ ಮೆಟ್ಟಿಲು ಹತ್ತಿ ಬಂದು, ಬಾಗಿಲನ್ನು ಮಾಪಿನ ಹಿಡಿಯಿಂದ ತಟ್ಟಿ, ಮೆಟ್ಟಿಲ ಸಂದಿನಿಂದ ಕೆಳಗೆ ಬಗ್ಗಿ "ಏ ದತ್ತೂ, ಓಡಿ ಬಾರೋ!" ಎಂದು ಕೂಗಿದರು. ಯಾವ ನಂಬರೂ ಇಲ್ಲದ ಆ ಕೂಗು ಗೇಟಿಗೆ ಮುಟ್ಟಿತು. ಮೆಕ್ಯಾನಿಕ್ ಬರುವವರೆಗೂ ಆಕೆ ಬಾಗಿಲ ಹೊರಗೆ ಕೂತು, "ಉಸಿರು ಸಾವಕಾಶ ತಗೋರಿ, ನಾ ಇಲ್ಲೇ ಅದೀನಿ" ಎನ್ನುತ್ತಲೇ ಇದ್ದರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆ. ಇನ್ನು ಮುಂದೆ ನಾನು ಗುಂಡಿ ಒತ್ತಿದಾಗ ದಯವಿಟ್ಟು ಉಮಾಶ್ರೀ ಅವರ ಹೆಸರನ್ನು ತೋರಿಸತಕ್ಕದ್ದು. ಅದು ತಮ್ಮ ಆತ್ಮಸಾಕ್ಷಿಗೆ ಒಗ್ಗದಿದ್ದರೆ 'ಬೋನಸ್ ವಿತರಣೆ' ಎಂದು ತೋರಿಸಬಹುದು. ಅದೂ ಆಗದಿದ್ದರೆ, ಎಲ್ಲ ಪರದೆಗಳ ಮೇಲೂ ಒಮ್ಮೆಲೇ ಕಣ್ಣುಮುಚ್ಚುವ ದೊಡ್ಡ ಮನಸ್ಸು ಮಾಡಬೇಕು. ಅಮೃತಮ್ಮನ ಸೆಟ್ಟಿಗೆ ಹೊಸ ಪರದೆ ಹಾಕಿಸಲು ನಮ್ಮ ವ್ಯವಸ್ಥಾಪಕ ಜಯಂತ್ ಓವೈಸರಿಗೆ ಹೇಳಿಬಿಟ್ಟಿದ್ದಾರೆ. ತಾವು ಅಲ್ಲಿ ಮಾತ್ರ ಯಾವ ಕಾರಣಕ್ಕೂ ಬೆಳಗಕೂಡದು. ನನಗೆ ಉತ್ತರ ಕೊಡುವವರು ಇರುವುದು ಒಬ್ಬರೇ, ಅವರೂ ನನ್ನ ಹೆಸರು ಓದಿಬಿಟ್ಟರೆ ನಾನು ಯಾರನ್ನು ಕರೆಯಲಿ?

ಎಲ್ಲ ಪರದೆಗಳ ಮೇಲೂ ಬೆಳಗಿ, ಎಲ್ಲೂ ಉತ್ತರ ಕಾಣದ
ತಮ್ಮ ವಿಶ್ವಾಸಿ,
ಕೃಷ್ಣಸ್ವಾಮಿ
(ಹುದ್ದೆಗೆ ಜಾಗವಿಲ್ಲ)

ಮರೆತ ಮಾತು: ಪತ್ರ ಅಂಚೆಗೆ ಹಾಕುವಷ್ಟರಲ್ಲಿ ತಾವು ಅಮೃತಮ್ಮನ ಸೆಟ್ಟಿನಲ್ಲೂ ಬೆಳಗಿದ್ದೀರೆಂದು ತಿಳಿಯಿತು. ಇಂದು ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತು, ಧೈರ್ಯ ಮಾಡಿ, ತಾರಸಿಯ ದೀಪ ಉರಿಯುತ್ತಿದೆಯೆಂದು ಹೇಳಿದೆ. ಕೆಳಗೆ ಅಂಗಳದಲ್ಲಿ ಆಕೆ ಕಸಬರಿಗೆ ಒರಗಿಸಿ, ಸೆಟ್ಟು ಎತ್ತಿ, ಪರದೆಯನ್ನು ಓದಿದ್ದು ನನಗೆ ಕಂಡಿತು. "ಹೇಳ್ರಿ ಸರ. ಹೊಸಾದರಾಗ ನಿಮ್ಮ ಹೆಸರು ಚಲೋ ಕಾಣಸ್ತದ. ಮೊದಲೂ ಗೊತ್ತಾಗ್ತಿತ್ತು ಬಿಡ್ರಿ, ಲಿಫ್ಟಿನ್ಯಾಗಿಂದ ಒದರಿದಾಗೂ ನೀವೇ ಅಂತ ಗೊತ್ತಿತ್ತು. ದಿನಾ ಇಷ್ಟು ಒದರವರು ಬ್ಯಾರೆ ಯಾರದಾರ?" ಎಂದರು. ತಾರಸಿಯ ದೀಪ ಆರಿದೆ. ದತ್ತುವಿನ ಸೆಟ್ಟಿನಲ್ಲಿ ತಾವು ಈಗಲೂ ಬಹಳ ಚೆನ್ನಾಗಿ ಕೆಲಸ ಮಾಡುತ್ತಿದ್ದೀರಿ.